ಷರಾ

ಹನ್ನೊಂದು ತೋಟಗಳ ಮಳೆಪುಸ್ತಕ ಬಂದು ಕೂತವು ನನ್ನ ಮೇಜಿಗೆ
ಮಡಿಕೇರಿಯ ಬಾಡಿಗೆ ಕೋಣೆಯಲ್ಲಿ, ಹೂಮಳೆ ಬೀಳದ ಒಂದು ಮಾರ್ಚಿನಲ್ಲಿ.
ಗೆದ್ದಲು ತಿಂದ ಅಂಚು, ನುಸಿಗುಳಿಗೆಯ ವಾಸನೆ.
ಮೂರು ವಿಶ್ವವಿದ್ಯಾಲಯ, ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಹುಡುಗರು,
ಡಚ್ಚರ ನಾಡಿಂದ ಬಂದು ಮಣ್ಣಿಗೆ ಸೂಜಿ ಚುಚ್ಚುವ ಯೋಸ್ಟ್,
ತಲೆಯ ಮೇಲೆಲ್ಲೋ ಒಂದು ಉಪಗ್ರಹ.
ಇವರೆಲ್ಲರ ತುದಿಗೆ ನಾನು,
ಪುಟಕ್ಕಿಷ್ಟು ಎಂದು ಅಂಕಿ ಒತ್ತುವ ಬೊಳ್ಳಮ್ಮ.

ಒಬ್ಬರದು ಇಂಚು-ಸೆಂಟು, ಒಬ್ಬರದು ಮಿಲಿಮೀಟರು,
ಒಬ್ಬರದು ಬರೀ 'ಜೋರು', 'ಬಹಳ ಜೋರು'.
ಉತ್ತಯ್ಯನವರ ಅಜ್ಜ ಅರವತ್ತೊಂದರಲ್ಲಿ ಬರೆದದ್ದು:
ಏಳು ಇಂಚು ನಲವತ್ತು. ಕುಡಿಯುವ ನೀರು ಕೆಂಪು. ನಾಯಿ ಸತ್ತಿತು.

ಕೆಂಪಿಗೆ, ನಾಯಿಗೆ, ನಮ್ಮ ಪಟ್ಟಿಯಲ್ಲಿ ಮನೆ ಇರಲಿಲ್ಲ.
ಕೊನೆಗೊಂದು ಕಾಲಂ ಎಳೆದು 'ಷರಾ' ಎಂದು ಬರೆದೆ,
ಯಾರನ್ನೂ ಕೇಳದೆ.

ಜಗಳ ನಡೆದದ್ದು ಸರಾಸರಿಯ ಮೇಲೆ.
ಬದಲಾಗಿಲ್ಲ ನೋಡಿ, ಎಂದರು ಒಬ್ಬರು, ಗೆರೆ ನೆಟ್ಟಗಿದೆ.
ಡಾಕ್ಟರ್ ಶಾಕಿರಾ ಎದ್ದು, ನೀರಿನ ಲೋಟ ಎತ್ತಿ,
ದಿನವಿಡೀ ಗುಟುಕು ಗುಟುಕಾಗಿ ಕುಡಿದರೂ ಮೂರು ಲೀಟರು,
ಒಂದೇ ಉಸಿರಿಗೆ ಗಂಟಲಿಗೆ ಸುರಿದರೂ ಮೂರೇ ಲೀಟರು,
ಈಗ ಬೆಟ್ಟದ ಬಾಯಿ ನೋಡಿ, ಎಂದರು.
ಆಮೇಲೆ ಯಾರೂ ಸರಾಸರಿಯ ಮಾತೆತ್ತಲಿಲ್ಲ,
ಊಟದ ತನಕ.

ಕರ್ಪಿಯ ಲೈನ್ ಮನೆಗೆ ಹೋದದ್ದು ನಲವತ್ತೆರಡು ಪ್ರಶ್ನೆ ಹಿಡಿದು.
ನಲವತ್ತಕ್ಕೆ ಗೊತ್ತಿಲ್ಲ ಎಂದಳು, ಎರಡಕ್ಕೆ ನಕ್ಕಳು.
ಹಾಳೆ ಮಡಚಿ ಕರಿಕಾಫಿ ಕುಡಿಯುವಾಗ ತಾನಾಗಿ ಅಂದಳು:
ಗುಡ್ಡ ಬರುವ ಮುಂಚೆ ಒರತೆ ಕೆಂಪಾಯ್ತು.
ಏಡಿ ಮೆಟ್ಟಿಲು ಹತ್ತಿ ಒಲೆ ಬುಡಕ್ಕೆ ಬಂತು.
ನಾವು ಎದ್ದೆವು.

ಆ ರಾತ್ರಿ ಷರಾ ಕಾಲಮ್ಮಿನಲ್ಲಿ 'ಕೆಂಪು' ಎಂದು ಹುಡುಕಿದೆ.
ಇಪ್ಪತ್ತಮೂರು ಕಡೆ.
ಗಾಳಿಬೀಡಿನ ಮೇಸ್ತ್ರಿ, ಸೂರ್ಲಬ್ಬಿಯ ಅಂಚೆಯವ, ಉತ್ತಯ್ಯನವರ ಅಜ್ಜ,
ಒಬ್ಬರನ್ನೊಬ್ಬರು ಕಾಣದವರು, ಒಂದೇ ಬಣ್ಣ ಕಂಡವರು.
ಯೋಸ್ಟನ ಸೂಜಿಯ ಗೆರೆಯೂ ಅಂಥ ದಿನಗಳಲ್ಲೇ ಮುರಿದಿತ್ತು.

ವರದಿ ಬೆಂಗಳೂರಿಗೆ ಹೋಗಿ
ಹದಿನಾಲ್ಕು ತಿಂಗಳಿಗೆ ಆದೇಶವಾಗಿ ಬಂತು.
'ಇಳಿಜಾರನ್ನು ಕಡಿಯಬಾರದು' ಎಂದಿದ್ದೆವು.
'ಸಾಧ್ಯವಾದಷ್ಟು ಕಡಿಯಬಾರದು' ಎಂದಾಗಿತ್ತು.
ಆ ಒಂದು ಪದದ ಸಂದಿಯಲ್ಲಿ ಜೆಸಿಬಿ ಆರಾಮವಾಗಿ ತೂರುತ್ತದೆ,
ಅದರ ಹಿಂದೆ ಒಂದು ರೆಸಾರ್ಟೂ.
ಆದರೆ ಕೊನೆಯ ಹಾಳೆಯಲ್ಲಿ, ಅನುಬಂಧ ನಾಲ್ಕು
(ಅಳಿಸಲು ಯಾರಿಗೂ ಪುರಸೊತ್ತಿರಲಿಲ್ಲವೋ ಏನೋ):
ಒರತೆಯ ನೀರು ಕೆಂಪಾದಲ್ಲಿ ಸದರಿ ನಿವಾಸಿಗಳನ್ನು
ಆರು ಗಂಟೆಗಳೊಳಗೆ ತೆರವುಗೊಳಿಸತಕ್ಕದ್ದು.

ಕರ್ಪಿಗೆ ಓದಿ ಹೇಳಿದೆ. ಅವಳ ಹೆಸರು ಅದರಲ್ಲಿಲ್ಲ ಎಂಬುದಕ್ಕೆ
ದಾರಿಯುದ್ದಕ್ಕೂ ಒಂದು ಮಾತು ಹೊಸೆದುಕೊಂಡಿದ್ದೆ.
ಅವಳದನ್ನು ಕೇಳಲೇ ಇಲ್ಲ.
ಆರು ಗಂಟೆ ಅಂತ ಯಾರು ಹೇಳಿದ್ದು? ನಾನಲ್ಲ.
ನಮಗೆ ಸಿಕ್ಕಿದ್ದು ಅನ್ನ ಬೇಯುವಷ್ಟು ಹೊತ್ತು.
ಅನ್ನ ಬೇಯಲೂ ಇಲ್ಲ.

ಆರು ಎಲ್ಲಿಂದ ಬಂತೆಂದು ಕಡತ ಜಾಲಾಡಿದೆ. ಎಲ್ಲಿಂದಲೂ ಅಲ್ಲ.

'ಅನ್ನ ಬೇಯುವಷ್ಟು' ಎಂದು ಷರಾದಲ್ಲಿ ಒತ್ತಿದೆ.
ಯೋಸ್ಟ್ ಬರೆದ: ಯಾವ ಅಕ್ಕಿ? ಎಷ್ಟು ಜನಕ್ಕೆ? ಸೌದೆ ಒಣಗಿತ್ತೇ?
ನಗು ಬಂತು. ಆಮೇಲೆ ಅನಿಸಿತು,
ಇಷ್ಟು ವರ್ಷಕ್ಕೆ ಇದೊಂದು ಸರಿಯಾದ ಪ್ರಶ್ನೆ.

ಹಾಗಾಗಿ ಈ ಕಕ್ಕಡದಲ್ಲಿ, ಹೊರಗೆ ಬಿಡದ ಮಳೆ,
ನಾವು ಐದು ಮಂದಿ ಅವಳ ಒಲೆಯ ಸುತ್ತ ಕುಕ್ಕರಗಾಲಲ್ಲಿ.
ರೇಷನ್ ಅಕ್ಕಿ, ಏಳು ಜನರ ಪಾತ್ರೆ, ಹಸಿ ಸೌದೆ.
ಶಾಕಿರಾ ಕೈಗಡಿಯಾರ ಬಿಚ್ಚಿ ನೆಲದ ಮೇಲಿಟ್ಟಿದ್ದಾರೆ.
ಕರ್ಪಿ ಊದುತ್ತಾಳೆ, ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು.
ಮುಚ್ಚಳ ಇನ್ನೂ ಅಲುಗಿಲ್ಲ.
ಇಪ್ಪತ್ತೆರಡು ನಿಮಿಷ, ಎನ್ನುತ್ತೇನೆ.
ಬರೆದುಕೊಳ್ಳಿ.