ವಾಸನೆ ಹೋಗುವ ತನಕ

ಸುರಬಾಯದ ಓಣಿ. ಮಳೆಗಾಲದ ಮಧ್ಯಾಹ್ನ ಮೂರು ಗಂಟೆ.
ಲಸ್ಮಿನಿಯ ಅಂಗಡಿಯ ಫ್ಯಾನು ಬೀದಿಗೆ ಮುಖಮಾಡಿ
ಒಳಗಿನ ಘಾಟನ್ನು ಹೊರಗೆ ದಬ್ಬುತ್ತಿದೆ.
ಪಕ್ಕದ ಸಾತೆ ಗಾಡಿಯವನು ದಿನಾ ಬೈಯುತ್ತಾನೆ.
ಅವನ ಕೆಂಡದ ಹೊಗೆ ಇವಳ ಮೂಗಿಗೆ, ಇವಳದು ಅವನಿಗೆ,
ಲೆಕ್ಕ ಚುಕ್ತಾ.

ಸೂಲಗಿತ್ತಿ ರುಕ್ಮಿಯಾತಿ ಸೈಕಲ್ ರಿಕ್ಷಾದಿಂದ
ಪಾರದರ್ಶಕ ಪೆಟ್ಟಿಗೆಯೊಂದನ್ನು ಇಳಿಸುತ್ತಾಳೆ,
ತಿಂಗಳು ತುಂಬದೆ ಬಂದವರನ್ನು ಬೆಚ್ಚಗಿಡುವಂಥದು.
ಮೂಲೆ ಬಿಟ್ಟುಕೊಂಡಿದೆ, ಉಗುರು ತೂರುವಷ್ಟು.
"ಸಂಜೆಗೆ ಬೇಕು. ಒಂದೂಮುಕ್ಕಾಲು ಕಿಲೋ ಇದೆ, ಮಗು."

ಲಸ್ಮಿನಿ ಕಪಾಟಿನ ಕಡೆ ನೋಡುತ್ತಾಳೆ.

ಮೇಲಿನ ಸಾಲಿನಲ್ಲಿ ಕ್ಲೋರೋಫಾರ್ಮ್, ಕಂದು ಸೀಸೆ.
ಈ ಓಣಿಯ ಟ್ರೋಫಿ, ನಾಮಫಲಕ, ಮಸೀದಿಯ ಹುಂಡಿ
ಎಲ್ಲ ನಿಂತಿರುವುದು ಅದರ ಪುಣ್ಯದಿಂದ.
ಅಂಟಲ್ಲ ಅದು, ಕೆಲಸದ ಹುಡುಗ ಗಲಿಹ್‌ನಿಗೆ
ಹೇಳಿ ಹೇಳಿ ಸಾಕಾಗಿದೆ,
ಮದುವೆ ದಲ್ಲಾಳಿ ಅದು.
ಎರಡೂ ಕಡೆಯವರನ್ನು ತುಸು ಕರಗಿಸಿ
ಕೈಗೆ ಕೈ ಕೊಡಿಸಿ
ಊಟಕ್ಕೂ ನಿಲ್ಲದೆ ಹೊರಟುಬಿಡುತ್ತದೆ.
ಆಮೇಲೆ ಹಿಡಿದುಕೊಂಡಿರಬೇಕಾದವರು ಅವರವರೇ.
ಸೂಜಿ ತುದಿಯ ಒಂದು ಹನಿ ಸಾಕು,
ಸಂದಿಯುದ್ದಕ್ಕೂ ಓಡುತ್ತದೆ, ಓಣಿಯಲ್ಲಿ ಸುದ್ದಿ ಓಡಿದ ಹಾಗೆ.
ಆದರೆ ಅಂಚಿಗೆ ಅಂಚು ಕೂತಿರಬೇಕು.
ನಡುವೆ ಅಂತರ ಬಿದ್ದಿದ್ದರೆ
ಅದನ್ನು ತುಂಬಿಕೊಡುವ ಗುಣ ದಲ್ಲಾಳಿಗಿಲ್ಲ.

ಅದರ ತಂಗಿ ಒಬ್ಬಳಿದ್ದಾಳೆ, ಇನ್ನೂ ಅವಸರದವಳು.
ಇಂಥ ತೇವದ ಹೊತ್ತಿನಲ್ಲಿ ಕರೆದರೆ
ಗಾಳಿಯ ನೀರನ್ನೂ ಜೊತೆಗೆ ಕರೆತಂದು
ಜೋಡಣೆಯ ಮೇಲೆ ಬಿಳಿ ಮಬ್ಬು ಬಿಟ್ಟುಹೋಗುತ್ತಾಳೆ.
ಸೂಪರ್ ಗ್ಲೂ? ಚಪ್ಪಲಿಗೆ ಸರಿ.
ಎಪಾಕ್ಸಿ ಬಾಡಿಗೆಯವನು, ಎಷ್ಟು ವರ್ಷ ಇದ್ದರೂ
ಗೋಡೆಯ ಜೊತೆ ಬೆರೆಯುವುದಿಲ್ಲ,
ಹಳದಿಗಟ್ಟಿ ಒಂದು ದಿನ ಸಿಪ್ಪೆಯಂತೆ ಎದ್ದು ಬರುತ್ತಾನೆ.

ಕೆಳಗಿನ ಸಾಲಿನಲ್ಲಿ ಬಟ್ಟೆ ಸುತ್ತಿಟ್ಟದ್ದು
ಎರಡು ಡಬ್ಬಿಯ ಸಿಮೆಂಟು.
ಅಕ್ರಿಲಿಕ್ಕಿನ ಕುಲದ್ದೇ, ಇನ್ನೂ ಮೂಳೆ ಬಲಿಯದ್ದು.
ಬೆರೆಸಿ ಸುರಿದರೆ ಸಂದಿಯಲ್ಲಿ ಕೂತು ತಾನೂ ಹಾಳೆಯಾಗುತ್ತದೆ.
ದುಬಾರಿ. ನಿಧಾನ.
ವಾಸನೆಯೋ, ಎಬ್ಬಿಸಿದರೂ ಏಳದ ನೆಂಟ.

"ನಾಲ್ಕು ದಿನ," ಅಂದಳು.
"ನಾಲ್ಕು ದಿನ ಮಗುವನ್ನು ಎಲ್ಲಿಡಲಿ?"
"ಇವತ್ತೇ ಅಂಟಿಸಿ ಕೊಡಬಲ್ಲೆ. ನಿಂತುಕೊಳ್ಳುತ್ತದೆ ಕೂಡ.
ಆದರೆ ಮುಚ್ಚಿದ ಪೆಟ್ಟಿಗೆ. ಒಳಗೆ ಈ ಘಾಟು.
ಅಂಗೈಯಷ್ಟೂ ಇಲ್ಲದ ಎದೆಗೂಡು."
ಸಾತೆಯ ಕೊಬ್ಬು ಕೆಂಡಕ್ಕೆ ಬಿದ್ದು ಚುಂಯ್ ಅಂದಿತು.
ರುಕ್ಮಿಯಾತಿ ರಿಕ್ಷಾ ಹತ್ತದೆ, ನಡೆದೇ ಹೋದಳು.

ಹಳೆಯದನ್ನು ಕೆರೆದು, ಅಂಚು ಉಜ್ಜಿ ಮಟ್ಟಮಾಡಿ
(ಬೆಂಕಿ ತೋರಿಸಬೇಡವೋ ಗಲಿಹ್,
ಸುಟ್ಟು ಹೊಳಪಾದ ಅಂಚು ನಗುನಗುತ್ತಲೇ ಬಿರಿಯುತ್ತದೆ),
ಟೇಪಿನ ಕಟ್ಟೆ ಕಟ್ಟಿ, ಉಸಿರು ಹಿಡಿದು ಸುರಿದಳು.
ಒಂದೇ ಒಂದು ಗುಳ್ಳೆ ಉಳಿಯಿತು, ಸಾಸಿವೆಯಷ್ಟು.
ಇಡೀ ರಾತ್ರಿ ಅದನ್ನೇ ನೋಡಿದಳು.

ಮೊದಲ ದಿನ ಮೂಗಿಟ್ಟಳು: ಇದೆ.
ಮೂರನೆಯ ದಿನ: ಇಲ್ಲ. ಇದೆಯೋ?
ಮೂವತ್ತು ವರ್ಷ ಈ ಗಾಳಿ ಕುಡಿದ ಮೂಗು,
ಅದರ ಸಾಕ್ಷಿ ಯಾವ ಕೋರ್ಟಿನಲ್ಲೂ ನಡೆಯದು.
ಗಲಿಹ್ ತಲೆ ತೂರಿಸಿ "ಒಣಮೀನು" ಅಂದ.
ಅದು ಅವನದೇ ಊಟ.
ಕೊನೆಗೆ ಸಾತೆಯವನನ್ನೇ ಕರೆದಳು.
ದಿನಾ ಬೈಯುವವನ ಮೂಗಿಗಿಂತ ನಂಬುವಂಥದು ಇನ್ನೊಂದಿಲ್ಲ.
"ಇದೆ," ಅಂದ, ಗೆದ್ದವನ ಹಾಗೆ.
ನಾಲ್ಕನೆಯ ದಿನ, ಬಗ್ಗಿ, ಎರಡು ಸಲ ಎಳೆದು,
ಬಹಳ ಬೇಸರದಿಂದ:
"ಏನೂ ಇಲ್ಲ."

ಹೆರಿಗೆ ಮನೆಯಲ್ಲಿ ತಾಯಿ ಒರಗಿ ಕೂತಿದ್ದಳು.
ಬಾಟಿಕ್ ಬಟ್ಟೆಯಲ್ಲಿ ಎದೆಗೆ ಬಿಗಿದ ಮಗು,
ಚರ್ಮಕ್ಕೆ ಚರ್ಮ, ನಡುವೆ ಬರೀ ಬೆವರು.
"ಅರವತ್ತು ಗ್ರಾಂ ಏರಿದ್ದಾನೆ," ಅಂದಳು ರುಕ್ಮಿಯಾತಿ.
"ಈಗ ಕೇಳಿದರೆ ಅವಳು ಕೊಡುವುದಿಲ್ಲ."

ಪೆಟ್ಟಿಗೆಯನ್ನು ಮೂಲೆಗಿಟ್ಟು, ದೀಪ ಹಾಕಿ ನೋಡಿದರು.
ಬೆಚ್ಚಗಿತ್ತು. ಸಾಸಿವೆ ಗುಳ್ಳೆ ಹೊಳೆಯಿತು.
"ಸ್ಪಿರಿಟ್ಟಿನಲ್ಲಿ ಒರೆಸಬೇಡಿ, ಬಿರುಕು ಬರುತ್ತದೆ," ಅಂದಳು ಲಸ್ಮಿನಿ,
"ಸೋಪಿನ ನೀರು ಸಾಕು."
ಆಚೆ ಕೋಣೆಯಲ್ಲಿ ಇನ್ಯಾರೋ
ನರಳಲು ಶುರುಮಾಡಿದ್ದರು.