ಬಿಟ್ಟ ಜಾಗ

ತಿನ್ನಬೇಡ, ಇರು, ಅನ್ನುತ್ತಾನೆ ಫಿರ್ಮ್ಯಾಂ.
ಕೈಯಲ್ಲಿ ಪೆನ್ಸಿಲ್, ಮೂಗಿನ ತುದಿಗೆ ಕನ್ನಡಕ.
ತಟ್ಟೆಯಲ್ಲಿ ಆರು ಮೂಲಂಗಿ,
ಬೆರಳುದ್ದ, ಈಗಷ್ಟೆ ಮೀಯಿಸಿದ ಕೂಸಿನ ಹಾಗೆ
ಒದ್ದೆ ಒದ್ದೆ, ಕೆಂಪು ಕೆಂಪು,
ತುದಿ ಮಾತ್ರ ಬಿಳಿ.
ಆರಿದ್ದವು. ಈಗ ಐದು.
ಕಟುಂ ಎಂದದ್ದು ನನ್ನ ಬಾಯಿ.

ನಲವತ್ತೊಂದು ವರ್ಷ ನನ್ನ ತಮ್ಮ
ನೀರೆತ್ತುವ ಪಂಪುಗಳ ನಕ್ಷೆ ಬರೆದವನು:
ವಾಲ್ವು, ವಾಷರು, ಕೂದಲೆಳೆಯ ಅಂತರ.
ಅಮಿಯಾಂ ಊರಿನ ಕಾರ್ಖಾನೆಗೆ ಬೀಗ ಬಿದ್ದ ಮೇಲೆ
ಸ್ಕೇಲು ಹಿಡಿದೇ ನನ್ನ ಮನೆಗೆ ಬಂದ.
ಮೊದಲ ಮೂಲಂಗಿಗೂ ಅಳತೆ ಹಾಕಿದ್ದ:
ವ್ಯಾಸ ಹದಿನೆಂಟು ಮಿಲಿಮೀಟರು.
ಬಾಲ, ಅನಿಯಮಿತ.
ಆ 'ಅನಿಯಮಿತ' ನೋಡಿ ನಕ್ಕೂ ನಕ್ಕೂ
ಬೆಣ್ಣೆ ಮೆತ್ತಿದ ಚೂರಿಯನ್ನು
ಅವನ ಕಾಗದದ ಮೇಲೇ ಇಟ್ಟುಬಿಟ್ಟೆ.
ಜಿಡ್ಡಿನ ಕಲೆ ಇನ್ನೂ ಇದೆ. ಚಿತ್ರಕ್ಕಿಂತ ಅದೇ ಚೆನ್ನ.

ತಿನ್ನುವುದು ಹೀಗೆ ಕಣೋ, ನೋಡು:
ಬಾಲದ ಕಡೆಯಿಂದ ತುಸುವೇ ಸೀಳು,
ಸೀಳಿನೊಳಗೆ ಬೆಣ್ಣೆ, ಬೆಣ್ಣೆಯ ಮೇಲೆ ಹರಳುಪ್ಪು,
ಮೊದಲು ತಣ್ಣಗೆ, ಆಮೇಲೆ ಕಟುಂ,
ಆಮೇಲೆಲ್ಲೋ ಮೂಗಿನ ಬುಡದಲ್ಲಿ ಖಾರ,
ಬಾಗಿಲು ತಟ್ಟಿ ಓಡಿಹೋಗುವ ತುಂಟನ ಹಾಗೆ.
ಅದನ್ನು ಬರಿ, ನೋಡೋಣ.

ಅವನು ಬರೆಯಲಿಲ್ಲ. ರಬ್ಬರು ಉಜ್ಜಿದ.
ಬಿಳಿ ಬರ್ತಾ ಇಲ್ಲ, ಅಂದ.
ಬಿಳಿ ಬಣ್ಣ ಹಚ್ಚಿದರೆ ಸುಣ್ಣ ಬಳಿದ ಹಾಗೆ,
ಬೂದು ಹಾಕಿದರೆ ಕೊಳೆತ ಹಾಗೆ.
ಐದು ಹೋಗಿ ನಾಲ್ಕಾಯಿತು.
ಈ ಸಲ ನಾನಲ್ಲ, ಅವನೇ.

ಮರುದಿನ ದೋಣಿಯಲ್ಲಿ ಕೂರಿಸಿಕೊಂಡು ಹೊರಟೆ.
ನಮ್ಮ ತೋಟಕ್ಕೆ ರಸ್ತೆಯಿಲ್ಲ,
ಸೊಮ್ ಹೊಳೆಯ ಕಾಲುವೆಗಳ ನಡುವೆ ಕಪ್ಪು ಮಣ್ಣಿನ ತುಂಡು.
ಗೊಬ್ಬರ, ಗುದ್ದಲಿ, ತಮ್ಮ,
ಎಲ್ಲ ನೀರ ಮೇಲೇ ಹೋಗಬೇಕು.
ಏಪ್ರಿಲ್ಲಿನ ಚಳಿ. ಬಾತುಕೋಳಿ ದಾರಿ ಬಿಡಲೊಲ್ಲದು.
ಈಜು ಬಾರದವನು, ನೋಟುಬುಕ್ಕನ್ನು
ಎದೆಗವಚಿಕೊಂಡಿದ್ದ, ಮುಳುಗಿದರೆ ಅದೇ ತೇಲಿಸುವಂತೆ.

ಮಡಿಯ ಮುಂದೆ ಮಂಡಿಯೂರಿ, ಎಲ್ಲಿ? ಅಂದ.
ಸೊಪ್ಪಿನಡಿ ಒಂದಿಷ್ಟು ಕೆಂಪು ಭುಜ,
ಕಂಬಳಿಯಿಂದ ಜಾರಿ ಹೊರಬಂದಂತೆ.
ಎಲೆಗೋ ತೂತು, ತೂತು, ತೂತು,
ಸಾಸಿವೆ ಗಾತ್ರದ ಕರಿಹುಳು ನೆಗೆನೆಗೆದು ತಿಂದದ್ದು.
ಉಳಿದದ್ದೆಲ್ಲ ಮಣ್ಣೊಳಗೆ.
ಅಲ್ಲೇನು ನಡೆಯುತ್ತದೋ ನನಗೂ ಗೊತ್ತಿಲ್ಲ,
ಐವತ್ತು ವರ್ಷದಿಂದ ಕೀಳುತ್ತಿದ್ದೇನೆ.

ಕೀಳಲಾ? ಅಂದೆ.
ಬೇಡ, ಬಿಡು, ಅಂದ.

ಆಮೇಲೆ ಬರೆದ. ಎಲೆಯನ್ನು ಬರೆದ, ತೂತನ್ನು ಬರೆಯಲಿಲ್ಲ,
ಹಸಿರು ಗೀಚುತ್ತಾ ಗೀಚುತ್ತಾ
ಅಲ್ಲಲ್ಲಿ ಕಾಗದವನ್ನು ಬಿಟ್ಟ.
ಬಿಟ್ಟಲ್ಲೆಲ್ಲ ಹುಳು ತಿಂದಿತ್ತು.
ತಟಕ್ಕನೆ ನಿನ್ನೆಯ ಪುಟ ತಿರುವಿ,
ನಾವು ತಿಂದು ಮುಗಿಸಿದ ಮೂಲಂಗಿಗಳ ತುದಿಯಿಂದ
ಬೂದನ್ನೆಲ್ಲ ಅಳಿಸಿ,
ಪಕ್ಕದ ತಟ್ಟೆಯ ನೆರಳನ್ನಷ್ಟೆ ಒತ್ತಿ ಎಳೆದ.
ಬಿಳಿ ಬಂತು.
ಬಂದದ್ದೇನು, ಅಲ್ಲೇ ಇತ್ತು.

ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.
ಬೇರು ಬಿಡುವ ಗಿಡಕ್ಕೆ ಇದು ಗೊತ್ತು,
ಸಾಲಿನ ಕೊನೆಯದನ್ನು ಬೀಜಕ್ಕೆಂದು
ಕೀಳದೆ ಬಿಡುತ್ತಿದ್ದ ಅಮ್ಮನಿಗೂ ಗೊತ್ತಿತ್ತು.
ಪಂಪಿನವರು ಕೇಳುವುದಿಲ್ಲ.

ಅವನು ತುಂಡು ಪೆನ್ಸಿಲೊಂದನ್ನು
ಒಂದು ಗಿಡದ ಬುಡಕ್ಕೆ ಗೂಟದಂತೆ ನೆಟ್ಟ:
ಇದು ಇರಲಿ, ಹೂ ಬಂದ ಮೇಲೆ ಬರೀತೀನಿ.
ಮಿಕ್ಕವನ್ನು ಕಿತ್ತೆ. ದೋಣಿಯಂಚಿಗೆ ಬಾಗಿ
ಕಾಲುವೆಯಲ್ಲಿ ಜಾಲಿಸಿ, ಬೆಣ್ಣೆಯಿಲ್ಲ ಉಪ್ಪಿಲ್ಲ,
ಹಾಗೇ ತಿಂದೆವು, ಎಷ್ಟೆಂದು ಕೇಳಬೇಡಿ.
ಒಂದು ಕೈಜಾರಿ ನೀರಿಗೆ ಬಿತ್ತು.
ಬಾತುಕೋಳಿ ಬಂದು, ಕುಕ್ಕಿ ನೋಡಿ,
ಬಿಟ್ಟಿತು.