ಇಪ್ಪತ್ತನಾಲ್ಕನೆಯ ಕೊಳವೆ

ರಾತ್ರಿ ಎರಡೂವರೆ. ನೀತ್ ಆಸ್ಪತ್ರೆಯ ನೆಲಮಾಳಿಗೆ.
ಯಂತ್ರ ಗಿರ್ರೆಂದು ತಿರುಗಿ, ನಿಧಾನಿಸಿ, ನಿಂತಿತು.
ಮುಚ್ಚಳ ತೆರೆದೆ. ಇಪ್ಪತ್ತಮೂರು ಕೊಳವೆಗಳಲ್ಲಿ
ಕೆಳಗೆ ಕೆಂಪು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ.
ಇಪ್ಪತ್ತನಾಲ್ಕನೆಯದರಲ್ಲಿ
ಹಾಲು.

ಆಚೆ ಹಿಡಿದ ಬೆರಳು ಈಚೆ ಕಾಣದಂಥ
ಗಟ್ಟಿ ಹಾಲು, ನೆತ್ತಿಯಲ್ಲಿ ಕೆನೆ.
ಡೆಲಿತ್ ಇಣುಕಿ, 'ಬೆಣ್ಣೆ ಕಾಯಿಸಿ ಕುಡಿದು ಬಂದನೇನು?' ಅಂದಳು.
ನಾನು ನಗಲಿಲ್ಲ. ಚೀಟಿ ನನ್ನ ಕಡೆಗೇ ತಿರುಗಿತ್ತು.

ಹೆಸರು ಓದಬಾರದು ನಾವು,
ಓದಿದರೂ ಮನೆಗೆ ಒಯ್ಯಬಾರದು.
ಗೆಥಿನ್ ಪ್ರಾಸರ್, ಹತ್ತೊಂಬತ್ತು.
ನಮ್ಮ ಬೀದಿಯ ಕೊನೇ ಮನೆ, ಹಸಿರು ಕದ.
ಸುರಿವ ಮಂಜಿನಲ್ಲಿ ನನ್ನ ಕಾರಿನ ಟೈರು ಬದಲಿಸಿ
ದುಡ್ಡು ಚಾಚಿದರೆ ಕೈ ಹಿಂದೆ ಕಟ್ಟಿಕೊಂಡವನು.

ರಗ್ಬಿ ತಂಡದಲ್ಲಿ ಮೂರು ವರ್ಷ ಬೆಂಚು ಕಾಯ್ದ.
ಕಡ್ಡಿ ಅಂದರು, ಗಾಳಿಗೆ ಹಾರೀಯೆ ಅಂದರು.
ರೈಲು ಕಮಾನಿನ ಕೆಳಗಿನ ಜಿಮ್ಮಿನಲ್ಲಿ
ಯಾರೋ ಸಣ್ಣ ಸೀಸೆಯೊಂದನ್ನು ಅಂಗೈಗೆ ಒತ್ತಿದರು.
ಒಂದು ಚಳಿಗಾಲ ಕಳೆಯುವುದರೊಳಗೆ
ಕುತ್ತಿಗೆ ಕಾಲರಿಗೆ ಹಿಡಿಸದಾಯಿತು.
ಬೆನ್ನ ತುಂಬ ಬೊಕ್ಕೆ. ಕೀವು, ರಕ್ತ.
ಅವನಮ್ಮ ಹಗ್ಗಕ್ಕೆ ಹರವುವ ದಿಂಬಿನ ಚೀಲಗಳಲ್ಲಿ
ತೊಳೆದರೂ ಹೋಗದ ಕಂದು ಚುಕ್ಕೆ;
ನಾವೆಲ್ಲ ಕಂಡೆವು, ವಯಸ್ಸು ಅಂದೆವು.

ಮೈಯೂ ಬೇಕು, ಮುಖವೂ ಬೇಕು.
ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ.
ಚರ್ಮದ ವೈದ್ಯರ ಕೋಣೆಗೆ ಹೋದ,
ಪಕ್ಕದ ಕುರ್ಚಿಯಲ್ಲಿ ಅಮ್ಮ, ಮಡಿಲಲ್ಲಿ ಕೈಚೀಲ.
'ಬೇರೆ ಔಷಧ ಏನಾದರೂ?'
'ಏನಿಲ್ಲ.'
ಅರ್ಜಿಯಲ್ಲಿ ಹಾಗೇ ಇದೆ, ದುಂಡು ಅಕ್ಷರದಲ್ಲಿ: ಏನಿಲ್ಲ.
ಮೊಡವೆಗೆ ಕ್ಯಾಪ್ಸೂಲು. ಎಂಟನೆಯ ವಾರ. ರಕ್ತ ನೋಡಿ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ?
ಮೈಗೆ ಬಂದದ್ದೆಲ್ಲ ಬರಬೇಕು ಪಿತ್ತಜನಕಾಂಗದ ಬಾವಿಗೆ.
ಜಿಮ್ಮಿನ ಗುಳಿಗೆ ಕೊಡ ಹಿಡಿದು ನಿಂತಿದೆ,
ಮೊಡವೆ ಮಾತ್ರೆಯೂ ಕೊಡ ಹಿಡಿದು ನಿಂತಿದೆ;
ಒಂದನ್ನೊಂದು ಕಂಡಿಲ್ಲ, ಹಗ್ಗ ಮಾತ್ರ ಒಂದೇ.
ಒಂದೊಂದೇ ಬಂದಿದ್ದರೂ ರಾಟೆ ಕಿರುಗುಟ್ಟುತ್ತಿತ್ತು.
ಈಗ ಬಾವಿ ನೀರಿನ ಬದಲು ಕೊಬ್ಬನ್ನು ಮೇಲಕ್ಕೆ ಕಳಿಸಿದೆ.

ಕದಡಿದ್ದನ್ನು ಓದಲಾರೆನೆಂದು ಯಂತ್ರ ತಿರಸ್ಕರಿಸಿತು.
ಇನ್ನೂ ಜೋರಾಗಿ ತಿರುಗಿಸಿ, ಕೆನೆ ತೆಗೆದು, ತಿಳಿ ಹೀರಿ ಕೊಟ್ಟೆ.
ಅಂಕಿಗಳು ಒಂದರ ಹಿಂದೊಂದು ಕೆಂಪಾದವು.
ಇನ್ನಷ್ಟು ಏರಿದರೆ ಮೇದೋಜೀರಕ
ತನ್ನನ್ನೇ ಅರಗಿಸಿಕೊಳ್ಳಲು ತೊಡಗಬಹುದು.
ಹಾಗೆ ಬಂದವರನ್ನು ಮೇಲಿನ ವಾರ್ಡಿನಲ್ಲಿ ಕಂಡಿದ್ದೇನೆ,
ಮಂಡಿ ಎದೆಗೆ ತಂದು, ಗೋಡೆಗೆ ಮುಖ ಮಾಡಿ.

ಪಾಳಿಯ ವೈದ್ಯರಿಗೆ ಫೋನು ಮಾಡಿದೆ. ಟಿಪ್ಪಣಿಯ ಚೌಕದಲ್ಲಿ ಬರೆದೆ:
ಮಾತ್ರೆ ನಿಲ್ಲಿಸುವ ಬಗ್ಗೆ ಇಂದೇ ತೀರ್ಮಾನಿಸಿ.
ಬೇರೆ ಔಷಧದ ವಿಚಾರ ಮತ್ತೊಮ್ಮೆ ಕೇಳಿ.
ಅಮ್ಮನನ್ನು ಹೊರಗೆ ಕೂರಿಸಿ ಕೇಳಿ.
ಕೊನೆಯ ಸಾಲು ಅಳಿಸಿದೆ.
ಮತ್ತೆ ಬರೆದೆ.
ಡೆಲಿತ್ ನೋಡಿದಳು, ಏನೂ ಅನ್ನಲಿಲ್ಲ,
ಕೆಟಲ್ ಹಾಕಲು ಎದ್ದು ಹೋದಳು.

ಬೆಳಿಗ್ಗೆ ಏಳೂಕಾಲಿಗೆ ಹಸಿರು ಕದ ತೆರೆಯಿತು.
ಮೂರೇ ಮೆಟ್ಟಿಲು. ಕಂಬಿ ಹಿಡಿದು ಇಳಿದ,
ಒಂದು ಕಾಲು, ಅದರ ಪಕ್ಕಕ್ಕೆ ಇನ್ನೊಂದು,
ಎಪ್ಪತ್ತರ ಮುದುಕ ಇಳಿದಂತೆ,
ಎತ್ತಿನಂಥ ಆ ಹೆಗಲು ಹೊತ್ತುಕೊಂಡು.
ಆಸ್ಪತ್ರೆಯ ಫೋನು ಇನ್ನೂ ಬಂದಿರಲಿಲ್ಲ.
ಕೆನ್ನೆ ಮಾತ್ರ ನಿಜಕ್ಕೂ ನುಣುಪಾಗಿತ್ತು,
ಒಂದು ಕಲೆಯಿಲ್ಲ. ಸುಂದರ ಹುಡುಗ.

'ರಾತ್ರಿ ಪಾಳಿಯೇ? ಏನು ವಿಶೇಷ?' ಅಂದ.

'ಏನಿಲ್ಲ,' ಅಂದೆ.

ನಕ್ಕ. ಒಣಗಿ ಸೀಳಿದ ತುಟಿ ಬಿರಿದು
ಒಂದು ಹನಿ ಒಸರಿತು,
ಎಲ್ಲರದರ ಹಾಗೆ ಕೆಂಪಗೆ.